ತಡವಾಗಿ ಹೊರಟವನು ಹಿಂದುಳಿದವನೇ?

ಕಳೆದ ಶ್ರೀರಾಮನವಮಿಯ ಉಪನ್ಯಾಸ ಸಪ್ತಾಹದ ಕೊನೆಯ ದಿನ ನಡೆದ ಒಂದು ಸಣ್ಣ ಸಂಗತಿ ಈ ಲೇಖನಕ್ಕೆ ಕಾರಣವಾಯಿತು. ಮಹಾಮಂಗಳಾರತಿ ಮುಗಿದು, ತೀರ್ಥ ವಿನಿಯೋಗವಾಗಿ, ಭಕ್ತರೆಲ್ಲ ಪಂಕ್ತಿಯಲ್ಲಿ ಕುಳಿತಿದ್ದರು. ನಮ್ಮ ಪಕ್ಕದ ಎಲೆಗೆ ಬಂದು ಕುಳಿತ ತರುಣನನ್ನು ನಾವು ಅವನ ಉಪನಯನದ ಕಾಲದಿಂದಲೂ ಬಲ್ಲೆವು. ಎರಡು ವರ್ಷಗಳಿಂದ ಯಾವ ಉತ್ಸವದಲ್ಲಿಯೂ ಅವನನ್ನು ಕಂಡಿರಲಿಲ್ಲ. ಕುಶಲ ಕೇಳುವ ರೂಢಿಯಂತೆ ನಾವು, "ಏನಪ್ಪಾ, ಈಗ ಎಲ್ಲಿ ಕೆಲಸ? ಸೇರಿ ಎಷ್ಟು ವರ್ಷವಾಯಿತು?" ಎಂದು ಕೇಳಿದೆವು. ಅವನು ಎಲೆಯಿಂದ ದೃಷ್ಟಿಯನ್ನೆತ್ತದೆ, "ಆರು ತಿಂಗಳಾಯಿತು ಆಚಾರ್ಯರೇ, ಇನ್ನೂ ಕಾಯಂ ಆಗಿಲ್ಲ" ಎಂದನು. ಎದುರು ಸಾಲಿನಲ್ಲಿ ಅವನ ಓರಗೆಯವರಿಬ್ಬರು ತಮ್ಮ ಬಡ್ತಿಯ ವಿಷಯವನ್ನೂ ಹೊಸ ಮನೆಯ ಗೃಹಪ್ರವೇಶದ ವಿಷಯವನ್ನೂ ಮಾತನಾಡುತ್ತಿದ್ದರು. ಪಂಕ್ತಿಯಿಂದ ನಡುವೆ ಏಳುವುದು ನಮ್ಮಲ್ಲಿ ಸಲ್ಲದು. ಆದುದರಿಂದ ಅವನು ಕುಳಿತಿದ್ದನು. ಆದರೆ ಬಡಿಸಿದ ಪಾಯಸ ಎಲೆಯಲ್ಲಿಯೇ ಉಳಿಯಿತು.

ಕೈತೊಳೆದು ಪ್ರಾಕಾರದಲ್ಲಿ ಕುಳಿತಾಗ ಅವನೇ ತನ್ನ ವೃತ್ತಾಂತವನ್ನು ಹೇಳಿಕೊಂಡನು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕೆಲಸಕ್ಕಾಗಿ ಅರ್ಜಿ ಹಾಕಿಕೊಳ್ಳುತ್ತಿದ್ದ ಸಮಯದಲ್ಲಿ, ತಂದೆಗೆ ಪಾರ್ಶ್ವವಾಯು ಬಡಿಯಿತು. ಒಬ್ಬನೇ ಮಗ. ಒಂಬತ್ತು ವರ್ಷ ತಂದೆಯನ್ನು ಎತ್ತಿ ಕೂರಿಸಿ, ಉಣಿಸಿ, ತೊಳೆದು, ಸಂಜೆಯ ಹೊತ್ತು ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ ಮನೆ ನಡೆಸಿದನು. ತಂದೆ ತೀರಿಕೊಂಡ ಮೇಲೆ ಎರಡು ವರ್ಷ ಅಲೆದು, ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಸಹಕಾರಿ ಬ್ಯಾಂಕಿನ ಗುಮಾಸ್ತೆಯಾದನು. ಅಲ್ಲಿನ ಮ್ಯಾನೇಜರು ಅವನ ಶಾಲೆಯಲ್ಲಿ ಅವನಿಗಿಂತ ಎರಡು ತರಗತಿ ಕೆಳಗೆ ಓದಿದವರು. "ಅವರು ಒಂದು ದಿನವೂ ನನ್ನನ್ನು ಕೀಳಾಗಿ ಕಂಡವರಲ್ಲ. ಆದರೂ ಸಹಿಗಾಗಿ ಅವರ ಮೇಜಿನ ಮುಂದೆ ನಿಂತಾಗಲೆಲ್ಲ ನನಗೆ ನನ್ನ ವಯಸ್ಸೇ ಕಾಣುತ್ತದೆ. ಇಲ್ಲಿಗೆ ಬಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಅದಕ್ಕೇ ಬರುವುದನ್ನು ಬಿಟ್ಟೆ" ಎಂದನು. ದೇವರ ಸನ್ನಿಧಿಯಿಂದ ಒಬ್ಬ ಭಕ್ತನನ್ನು ಎರಡು ವರ್ಷ ದೂರವಿಟ್ಟ ಪ್ರಶ್ನೆಯನ್ನೇ ಆ ದಿನ ನಾವೂ ಕೇಳಿದ್ದೆವು! ಈ ಲೇಖನದಲ್ಲಿ ನಾವು ಮಾಡುತ್ತಿರುವ ವಿಚಾರಕ್ಕೆ ಆ ಲಜ್ಜೆಯೂ ಪ್ರೇರಕವೆಂದು ವಾಚಕರು ತಿಳಿಯಬೇಕು.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ತಡವಾಗಿ ಉದ್ಯೋಗಕ್ಕೆ ಸೇರಿದವನಿಗೆ "ಏನೂ ನಷ್ಟವಾಗಿಲ್ಲ, ಎಲ್ಲವೂ ಒಳ್ಳೆಯದಕ್ಕೇ" ಎಂದು ಬೆನ್ನು ತಟ್ಟಿ ಕಳುಹಿಸುವುದು ಸಮಾಧಾನವಲ್ಲ, ಅಸತ್ಯ. ನಷ್ಟವಾಗಿರುವುದು ನಿಜ. ಅರವತ್ತಕ್ಕೆ ನಿವೃತ್ತಿಯೆಂದು ಇಟ್ಟುಕೊಂಡರೆ, 24ಕ್ಕೆ ಸೇರಿದವನಿಗೆ 36 ವರ್ಷಗಳ ಸೇವೆ. 36ಕ್ಕೆ ಸೇರಿದವನಿಗೆ 24 ವರ್ಷ. ಇಬ್ಬರೂ ತಿಂಗಳಿಗೆ 5,000 ರೂಪಾಯಿಗಳಂತೆ ಉಳಿಸಿ, ಅದು ವಾರ್ಷಿಕ ಶೇಕಡ 8ರ ಚಕ್ರಬಡ್ಡಿಯಲ್ಲಿ ತಿಂಗಳು ತಿಂಗಳು ಬೆಳೆಯಿತೆಂದು ಲೆಕ್ಕ ಹಾಕೋಣ. ಮೊದಲನೆಯವನು ಕಟ್ಟಿದ್ದು 21 ಲಕ್ಷ 60 ಸಾವಿರ, ಎರಡನೆಯವನು ಕಟ್ಟಿದ್ದು 14 ಲಕ್ಷ 40 ಸಾವಿರ. ಆದರೆ ನಿವೃತ್ತಿಯ ದಿನ ಮೊದಲನೆಯವನ ಕೈಗೆ ಸುಮಾರು 1 ಕೋಟಿ 25 ಲಕ್ಷ ಬರುತ್ತದೆ, ಎರಡನೆಯವನ ಕೈಗೆ ಸುಮಾರು 43 ಲಕ್ಷ. ಕಟ್ಟಿದ ಹಣ ಮೂರರಲ್ಲಿ ಎರಡು ಪಾಲು. ದೊರೆತದ್ದು ಮೂರರಲ್ಲಿ ಒಂದು ಪಾಲಿನಷ್ಟು. ಬಡ್ಡಿಗೆ ಕಾರಣವನ್ನು ವಿಚಾರಿಸುವ ಅಭ್ಯಾಸವಿಲ್ಲ. ಆ ವರ್ಷಗಳು ಪಿತೃಸೇವೆಯಲ್ಲಿ ಕಳೆದವೋ, ಆಲಸ್ಯದಲ್ಲಿ ಕಳೆದವೋ, ಅದಕ್ಕೆ ಎಲ್ಲವೂ ಒಂದೇ.

ಲೋಕದ ನ್ಯಾಯವಾದರೋ ಒಮ್ಮೊಮ್ಮೆ ಕಾರಣವನ್ನು ವಿಚಾರಿಸುತ್ತದೆ, ಒಮ್ಮೊಮ್ಮೆ ವಿಚಾರಿಸುವುದಿಲ್ಲ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಂದು ಅಥವಾ ಅನಂತರ ಸೇರಿದವರನ್ನು ಹಳೆಯ ಪಿಂಚಣಿ ಬಿಟ್ಟು ಹೊಸ ಯೋಜನೆಗೆ ಒಳಪಡಿಸಲಾಯಿತು. ಅದಕ್ಕೆ ಮೊದಲೇ ಅಧಿಸೂಚನೆಯಾಗಿದ್ದ ಹುದ್ದೆಗಳಿಗೆ ಆಯ್ಕೆಯಾಗಿಯೂ, ನೇಮಕಾತಿಯ ವಿಳಂಬದಿಂದ ಆ ದಿನವನ್ನು ದಾಟಿ ಸೇರಿದವರೂ ಇದ್ದರು. ತಡವಾದದ್ದು ಅವರ ತಪ್ಪಿನಿಂದಲ್ಲವೆಂದು ಮನಗಂಡು, 2024ರಲ್ಲಿ ಸರ್ಕಾರ ಅಂಥವರಿಗೆ ಹಳೆಯ ಪಿಂಚಣಿಯನ್ನು ಆರಿಸಿಕೊಳ್ಳುವ ಅವಕಾಶವನ್ನು ಕೊಟ್ಟಿತು. ಇನ್ನೊಂದು ಉದಾಹರಣೆಯನ್ನು ನೋಡಿ. 2020ರ ಮೇ 31ರಂದು ನಡೆಯಬೇಕಾಗಿದ್ದ ಕೇಂದ್ರ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆ ಕೊರೋನಾ ವ್ಯಾಧಿಯ ಕಾರಣದಿಂದ ಅಕ್ಟೋಬರ್ 4ಕ್ಕೆ ಹೋಯಿತು. ಅದೇ ತಮ್ಮ ಕೊನೆಯ ಅವಕಾಶವಾಗಿದ್ದವರು ಇನ್ನೊಂದು ಅವಕಾಶ ಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2021ರ ಫೆಬ್ರವರಿಯಲ್ಲಿ ಆ ಬೇಡಿಕೆ ತಿರಸ್ಕೃತವಾಯಿತು. ಒಂದು ಕಡೆ ವಿಳಂಬದ ಕಾರಣಕ್ಕೆ ಬೆಲೆ ಬಂದಿತು, ಇನ್ನೊಂದು ಕಡೆ ಬರಲಿಲ್ಲ. ಹೀಗಿರುವಾಗ ಉದ್ಯೋಗಕ್ಕೆ ಸೇರಿದ ವರ್ಷವನ್ನು ಮನುಷ್ಯನ ಯೋಗ್ಯತೆಯ ಅಳತೆಗೋಲಾಗಿ ಹಿಡಿಯುವುದು ಎಷ್ಟರ ಮಟ್ಟಿಗೆ ಸರಿ?

ಇಲ್ಲಿ ನಾವು ನಷ್ಟವನ್ನೂ ಅವಮಾನವನ್ನೂ ಬೇರ್ಪಡಿಸಿ ನೋಡಬೇಕಾಗಿದೆ. ನಷ್ಟವೆಂಬುದು ಹೊರಗಿನ ವಸ್ತು. ಅದನ್ನು ಎಣಿಸಬಹುದು, ಸ್ವಲ್ಪಮಟ್ಟಿಗೆ ತುಂಬಿಕೊಳ್ಳಲೂ ಬಹುದು. ಅವಮಾನವೆಂಬುದು ಹೋಲಿಕೆಯಿಂದ ಹುಟ್ಟುವಂಥದು. ಆ ತರುಣನಿಗೆ ಸಂಬಳ ಕಡಿಮೆಯೆಂಬ ದುಃಖಕ್ಕಿಂತ, ಓರಗೆಯವರಿಗಿಂತ ಕಡಿಮೆಯೆಂಬ ದುಃಖ ಹೆಚ್ಚಿನದು. ಈ ದುಃಖದ ಬುಡದಲ್ಲಿ ಒಂದು ಗುಪ್ತವಾದ ನಂಬಿಕೆ ಅಡಗಿದೆ. ಎಲ್ಲರಿಗೂ ಒಂದೇ ದಾರಿ, ಎಲ್ಲರೂ ಒಂದೇ ಗೆರೆಯಿಂದ ಒಂದೇ ಮುಹೂರ್ತದಲ್ಲಿ ಹೊರಟವರು, ಆದುದರಿಂದ ಮುಂದೆ ಇರುವವನು ಮೇಲು, ಹಿಂದೆ ಇರುವವನು ಕೀಳು ಎಂಬುದೇ ಆ ನಂಬಿಕೆ. ಇದು ನಿಜವೇ?

ವಿದ್ಯೆಯ ದಾರಿಗಳನ್ನೇ ನೋಡೋಣ. ಇಂಜಿನಿಯರಿಂಗ್ ಓದುವವನಿಗೆ 4 ವರ್ಷ ಸಾಕು. ವೈದ್ಯನಾಗುವವನು ಐದೂವರೆ ವರ್ಷ ಓದಿ, ಮತ್ತೆ ಮೂರು ವರ್ಷ ಸ್ನಾತಕೋತ್ತರ ವ್ಯಾಸಂಗ ಮಾಡಿ, ಹೃದ್ರೋಗದಂಥ ವಿಶೇಷ ಶಾಖೆಗೆ ಇನ್ನೂ ಮೂರು ವರ್ಷ ಕಳೆಯುವ ಹೊತ್ತಿಗೆ, ಎಲ್ಲಿಯೂ ತಡೆಯಾಗದಿದ್ದರೂ, ಮೂವತ್ತು ವರ್ಷದವನಾಗಿರುತ್ತಾನೆ. ನಮ್ಮ ವಿದ್ಯಾಪೀಠಗಳ ವಿದ್ಯಾರ್ಥಿಗಳ ವಿಷಯವಂತೂ ವಾಚಕರಿಗೆ ತಿಳಿದೇ ಇದೆ. ಪೇಜಾವರ ಮಠದ ಶ್ರೀವಿಶ್ವೇಶತೀರ್ಥರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ಬಾಲಕನಾಗಿ ಸೇರಿದವನು ಹನ್ನೆರಡು ಹದಿಮೂರು ವರ್ಷ ಗುರುಕುಲದಲ್ಲಿದ್ದು, ನ್ಯಾಯಸುಧೆಯ ಪಾಠ ಮುಗಿಸಿ, ಸುಧಾಮಂಗಳದ ದಿನ ಹೊರಗೆ ಬರುತ್ತಾನೆ. ಅನಂತರ ಲೌಕಿಕ ಉದ್ಯೋಗಕ್ಕೆ ಹೋಗಬಯಸಿದರೆ, ತನ್ನ ವಯಸ್ಸಿನ ಹುಡುಗರು ಆಗಲೇ ಅನುಭವ ಪಡೆದು ಕುಳಿತಿರುವ ಕಡೆ ಅವನು ಹೊಸಬನಾಗಿ ನಿಲ್ಲಬೇಕಾಗುತ್ತದೆ. ಸುಧಾಮಂಗಳದ ದಿನ ಹಾರ ಹಾಕಿ ಸನ್ಮಾನಿಸಿದ ನಾವೇ, ಮರುವರ್ಷ ಅವನನ್ನು "ಇನ್ನೂ ಕೆಲಸ ಸಿಗಲಿಲ್ಲವೇ?" ಎಂದು ಕೇಳುವುದುಂಟು.

ಸಂನ್ಯಾಸದ ವಿಷಯದಲ್ಲಿಯೂ ಎರಡು ದಾರಿಗಳಿವೆ. ಉಡುಪಿಯ ಅಷ್ಟಮಠಗಳಲ್ಲಿ ಹೆಚ್ಚಾಗಿ ಬಾಲ್ಯದಲ್ಲಿಯೇ ಆಶ್ರಮ ಸ್ವೀಕಾರ. ಮೇಲೆ ಹೇಳಿದ ಶ್ರೀವಿಶ್ವೇಶತೀರ್ಥರು ಜನಿಸಿದ್ದು 1931ರಲ್ಲಿ, ಸಂನ್ಯಾಸ ಪಡೆದದ್ದು 1938ರಲ್ಲಿ. ಘಟ್ಟದ ಮೇಲಣ ಮಠಗಳಲ್ಲಿಯಾದರೋ ಗೃಹಸ್ಥಾಶ್ರಮವನ್ನು ನಡೆಸಿ ಅನಂತರ ಪೀಠವೇರಿದ ಮಹನೀಯರು ಅನೇಕರು. ಶ್ರೀರಾಘವೇಂದ್ರತೀರ್ಥರು 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸುವ ಮೊದಲು ವೇಂಕಟನಾಥರೆಂಬ ಹೆಸರಿನ ಗೃಹಸ್ಥರಾಗಿ, ಪತ್ನೀಪುತ್ರಸಹಿತರಾಗಿ, ಕಡುಬಡತನವನ್ನು ಉಂಡವರು. ಟೀಕಾಚಾರ್ಯರೆಂದೇ ಪ್ರಸಿದ್ಧರಾದ ಶ್ರೀಜಯತೀರ್ಥರ ವಿಷಯ ಇನ್ನೂ ವಿಶೇಷ. ಸಂಪ್ರದಾಯದ ಕಥನದಂತೆ ಅವರು ಪೂರ್ವಾಶ್ರಮದಲ್ಲಿ ಧೋಂಡೋಪಂತರೆಂಬ ಹೆಸರಿನ, ಕುದುರೆಯೇರಿ ತಿರುಗುತ್ತಿದ್ದ ಸಿರಿವಂತ ಮನೆತನದ ಯುವಕರು. ಓರಗೆಯ ಬ್ರಾಹ್ಮಣಕುಮಾರರು ಶಾಸ್ತ್ರಾಭ್ಯಾಸದಲ್ಲಿದ್ದ ವಯಸ್ಸಿನಲ್ಲಿ ಅವರ ಕೈಯಲ್ಲಿದ್ದದ್ದು ಕುದುರೆಯ ಲಗಾಮು. ನದೀತೀರದಲ್ಲಿ ಶ್ರೀಅಕ್ಷೋಭ್ಯತೀರ್ಥರ ದರ್ಶನವಾದ ಮೇಲೆ ಅವರ ದಾರಿ ತಿರುಗಿತು. ನ್ಯಾಯಸುಧೆಯನ್ನು ಓದುವ ಯಾವ ವಿದ್ಯಾರ್ಥಿಯೂ ಗ್ರಂಥಕಾರರು ಯಾವ ವಯಸ್ಸಿನಲ್ಲಿ ಪಾಠ ಆರಂಭಿಸಿದರೆಂದು ಕೇಳುವುದಿಲ್ಲ. ಏಳು ವರ್ಷಕ್ಕೆ ಆಶ್ರಮ ಪಡೆದವರಿಗೂ, ಸಂಸಾರವನ್ನು ಕಂಡು ಆಶ್ರಮ ಪಡೆದವರಿಗೂ ನಾವು ಒಂದೇ ಭಕ್ತಿಯಿಂದ ತಲೆಬಾಗುತ್ತೇವೆ. ದೇವಾಲಯದಲ್ಲಿ ನಮಗೆ ಸಹಜವಾಗಿರುವ ಈ ವಿವೇಕ ಪಂಕ್ತಿಯಲ್ಲಿ ಕುಳಿತಾಗ ಎಲ್ಲಿ ಹೋಗುತ್ತದೆ?

ಲೌಕಿಕದಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. 1917ರಲ್ಲಿ ಜನಿಸಿದ ಶ್ರೀಮತಿ ಎಂ. ಕೆ. ಇಂದಿರಾ ಅವರಿಗೆ ಬಾಲ್ಯವಿವಾಹವಾಗಿ ಶಾಲೆ ಬೇಗನೆ ನಿಂತಿತು. ಅವರ 'ತುಂಗಭದ್ರ' ಕಾದಂಬರಿ ಪ್ರಕಟವಾದದ್ದು 1963ರಲ್ಲಿ, ಅವರ 46ನೆಯ ವಯಸ್ಸಿನಲ್ಲಿ. 'ಫಣಿಯಮ್ಮ' ಬಂದದ್ದು ಅದಕ್ಕೂ ಹದಿಮೂರು ವರ್ಷಗಳ ಅನಂತರ, 1976ರಲ್ಲಿ. ವರಕವಿ ಬೇಂದ್ರೆಯವರು 'ನರಬಲಿ' ಕವಿತೆಯ ಕಾರಣದಿಂದ ಸೆರೆವಾಸ ಅನುಭವಿಸಿ, ಅನಂತರ ಅನೇಕ ವರ್ಷ ಸ್ಥಿರವಾದ ಉದ್ಯೋಗವಿಲ್ಲದೆ ಸಂಸಾರ ನಡೆಸಿದರು. 1896ರಲ್ಲಿ ಜನಿಸಿದ ಅವರು ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನ ಅಧ್ಯಾಪಕರಾದದ್ದು 1944ರಲ್ಲಿ, 48ನೆಯ ವಯಸ್ಸಿನಲ್ಲಿ.

ಆದರೆ ಇಂಥ ನಿದರ್ಶನಗಳನ್ನು ಎಚ್ಚರದಿಂದ ಬಳಸಬೇಕು. ತಡವಾಗಿ ಹೊರಟವರೆಲ್ಲರೂ ಬೇಂದ್ರೆಯವರಾಗುವುದಿಲ್ಲ, ಬೇಗ ಹೊರಟವರೂ ಆಗುವುದಿಲ್ಲ. ಈ ನಿದರ್ಶನಗಳಿಂದ ಸಿದ್ಧವಾಗುವುದು ಬಾಗಿಲು ಮುಚ್ಚಿಲ್ಲವೆಂಬುದು ಮಾತ್ರ. ಒಳಗೆ ಸಿಂಹಾಸನ ಕಾದಿದೆ ಎಂಬುದಲ್ಲ. ನಮ್ಮ ತರುಣ ಗುಮಾಸ್ತೆಯಾಗಿಯೇ ನಿವೃತ್ತನಾಗಬಹುದು. ಆಗಲೂ ಅವನ ಬಾಳು ಸಾರ್ಥಕವೆಂದು ಹೇಳಲು ನಮಗೆ ಆಧಾರ ಬೇಕು. ಮುಂದೆ ದೊಡ್ಡವನಾಗುತ್ತಾನೆಂಬ ಆಸೆಯ ಮೇಲೆ ಮಾತ್ರ ನಿಂತ ಸಮಾಧಾನ, ಆ ಆಸೆ ಕುಸಿದೊಡನೆ ತಾನೂ ಕುಸಿಯುತ್ತದೆ.

ಆ ಆಧಾರ ನಮ್ಮ ಸಿದ್ಧಾಂತದಲ್ಲಿಯೇ ಇದೆ. ಆದರೆ ಅಲ್ಲಿ ಒಂದು ಆಕ್ಷೇಪವೂ ಬರುತ್ತದೆ. "ಮಧ್ವಮತವು ತಾರತಮ್ಯವನ್ನು ಹೇಳುವ ಮತ. ಜೀವಜೀವರಿಗೆ ಭೇದವುಂಟು, ಮೇಲುಕೀಳುಗಳುಂಟು ಎಂದು ಹೇಳುವ ನೀವು ಹೋಲಿಕೆ ಬೇಡವೆಂದು ಹೇಗೆ ಉಪದೇಶಿಸುವಿರಿ?" ಎಂದು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಉತ್ತರವನ್ನು ಎರಡು ಹೆಜ್ಜೆಗಳಲ್ಲಿ ಹೇಳಬೇಕು. ಮೊದಲನೆಯದು: ಸಿದ್ಧಾಂತ ಹೇಳುವ ತಾರತಮ್ಯ ಜೀವನ ಸ್ವರೂಪಯೋಗ್ಯತೆಗೆ ಸಂಬಂಧಿಸಿದುದು. ಅದನ್ನು ಪೂರ್ಣವಾಗಿ ಬಲ್ಲವನು ಶ್ರೀಹರಿಯೊಬ್ಬನೇ. ಸಂಬಳದ ಚೀಟಿಯಾಗಲಿ, ನೇಮಕಾತಿಯ ದಿನಾಂಕವಾಗಲಿ ಅದಕ್ಕೆ ಜ್ಞಾಪಕವಲ್ಲ. ಇವುಗಳಿಂದ ಯೋಗ್ಯತೆಯನ್ನು ಊಹಿಸುವವನು ತಾರತಮ್ಯವಾದಿಯಲ್ಲ, ಕೇವಲ ಅವಸರದವನು. ಎರಡನೆಯದು: ತಾರತಮ್ಯ ಸಂಸಾರದಲ್ಲಿ ಮಾತ್ರವಲ್ಲ, ಮೋಕ್ಷದಲ್ಲಿಯೂ ಉಂಟೆಂದು ನಮ್ಮ ಸಿದ್ಧಾಂತ. ಆದರೂ ಮುಕ್ತರಲ್ಲಿ ಅಸೂಯೆಯಿಲ್ಲ. ಏಕೆ? ಕೊಡಗಳು ಚಿಕ್ಕವಿರಬಹುದು, ದೊಡ್ಡವಿರಬಹುದು. ಎಲ್ಲವೂ ಕಂಠಪೂರ್ತಿ ತುಂಬಿವೆ. ತುಂಬಿದ ಕೊಡಕ್ಕೆ ಪಕ್ಕದ ಕೊಡದ ನೀರು ಬೇಕಾಗಿಲ್ಲ. ಇದರಿಂದ ಏನು ತಿಳಿಯುತ್ತದೆಯೆಂದರೆ, ದುಃಖಕ್ಕೆ ಕಾರಣ ಭೇದವಲ್ಲ. ತನ್ನ ಕೊಡವನ್ನು ತುಂಬಿಕೊಳ್ಳುವುದನ್ನು ಬಿಟ್ಟು ಇನ್ನೊಬ್ಬರ ಕೊಡವನ್ನು ನೋಡುತ್ತ ನಿಲ್ಲುವುದು. ಭೇದವನ್ನು ಒಪ್ಪಿದವನಿಗೇ ಹೋಲಿಕೆ ಅನಾವಶ್ಯಕವಾಗುತ್ತದೆ. ಎಲ್ಲರೂ ಒಂದೇ ಎಂದುಕೊಂಡವನಿಗೆ ತಾನು ಏಕೆ ಅವನಂತಿಲ್ಲವೆಂಬ ಪ್ರಶ್ನೆ ಎಂದಿಗೂ ತಪ್ಪದು.

ಉಡುಪಿಯ ಪರ್ಯಾಯದ ಕ್ರಮವೂ ಇದಕ್ಕೆ ಒಳ್ಳೆಯ ದೃಷ್ಟಾಂತ. ಎರಡೆರಡು ವರ್ಷಗಳಂತೆ ಎಂಟು ಮಠಗಳಿಗೆ ಶ್ರೀಕೃಷ್ಣಪೂಜೆಯ ಅಧಿಕಾರ ಸರದಿಯಂತೆ ಬರುತ್ತದೆ. ಒಂದು ಸುತ್ತಿಗೆ 16 ವರ್ಷ. ಶ್ರೀಪಲಿಮಾರು ಮಠದಿಂದ ಆರಂಭವಾದ ಸುತ್ತು ಶ್ರೀಪೇಜಾವರ ಮಠಕ್ಕೆ ಬರುವ ಹೊತ್ತಿಗೆ 14 ವರ್ಷಗಳು ಸಂದಿರುತ್ತವೆ. ಹಾಗೆಂದು ಎಂಟನೆಯದು ಹಿಂದುಳಿದ ಮಠವೆಂದು ಯಾರೂ ಭಾವಿಸುವುದಿಲ್ಲ. ಸರದಿ ಇಲ್ಲದ ಆ ವರ್ಷಗಳಲ್ಲಿಯೂ ಪಾಠ ಪ್ರವಚನಗಳು, ಸಂಸ್ಥಾನ ಪೂಜೆ ನಡೆದೇ ಇರುತ್ತವೆ. ಲೌಕಿಕ ಜೀವನದಲ್ಲಿ ಸರದಿ ಹೀಗೆ ನಿಶ್ಚಿತವಾಗಿ ಬರುವುದೆಂದು ನಾವು ಹೇಳಲಾರೆವು. ದೃಷ್ಟಾಂತಕ್ಕೆ ಅಷ್ಟರ ಮಿತಿಯುಂಟು. ಆದರೆ ಸರದಿಗೆ ಮೊದಲಿನ ಕಾಲ ಶೂನ್ಯವಲ್ಲವೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ನಮ್ಮ ತರುಣ "ಒಂಬತ್ತು ವರ್ಷ ಹಾಳಾಯಿತು" ಎಂದಾಗ ನಾವು, "ಆ ಒಂಬತ್ತು ವರ್ಷ ನಿಮ್ಮ ತಂದೆಯವರು ಯಾರ ಕೈಯಿಂದ ಉಂಡರಪ್ಪಾ?" ಎಂದು ಕೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಹಾಗಾದರೆ ಎಲ್ಲವೂ ದೈವಸಂಕಲ್ಪವೆಂದು ಕೈಕಟ್ಟಿ ಕುಳಿತರೆ ಸಾಕೇ? ಸಾಲದು. ಜೀವನಿಗೆ ಭಗವದಧೀನವಾದ ಕರ್ತೃತ್ವ ಉಂಟೆಂದೇ ಸಿದ್ಧಾಂತ. ಆದುದರಿಂದ ತಡವಾಗಿ ಹೊರಟವನಿಗೂ ಮಾಡಬೇಕಾದ ಕಾರ್ಯಗಳಿವೆ. ಮೊದಲನೆಯದಾಗಿ, ಕಿರಿಯರಿಂದ ಕಲಿಯಲು ಸಂಕೋಚಪಡಬಾರದು. ಶ್ರೀಮದಾಚಾರ್ಯರಿಗೆ ಆಶ್ರಮ ಕೊಟ್ಟ ಗುರುಗಳಾದ ಶ್ರೀಅಚ್ಯುತಪ್ರೇಕ್ಷರು ಕೊನೆಗೆ ಶಿಷ್ಯನ ಸಿದ್ಧಾಂತವನ್ನೇ ಅಂಗೀಕರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಗುರುವೇ ಶಿಷ್ಯನಿಂದ ತಿಳಿಯಲು ನಾಚದಿರುವಾಗ, ಎರಡು ತರಗತಿ ಕಿರಿಯರಾದ ಮ್ಯಾನೇಜರಿಂದ ಲೆಡ್ಜರು ಕಲಿಯಲು ನಾಚಿಕೆಯೇಕೆ? ಎರಡನೆಯದಾಗಿ, ಕಳೆದ ವರ್ಷಗಳನ್ನು ಮುಚ್ಚಿಡಬಾರದು; ಸುಳ್ಳು ಹೇಳಿ ತುಂಬಲೂ ಬಾರದು. ಒಂಬತ್ತು ವರ್ಷ ರೋಗಿಯ ಶುಶ್ರೂಷೆ ಮಾಡಿದವನಿಗೆ ಇರುವ ತಾಳ್ಮೆ ಬ್ಯಾಂಕಿನ ಕಿಟಕಿಯ ಮುಂದೆ ನಿಂತ ವೃದ್ಧರಿಗೆ ಪ್ರತಿದಿನವೂ ಬೇಕಾದುದು. ಮೂರನೆಯದಾಗಿ, ಓರಗೆಯವರನ್ನು ಒಂದೇ ನೆಗೆತಕ್ಕೆ ಹಿಡಿಯುವ ಆತುರದಿಂದ ಸಾಲ ಮಾಡಿ ಮನೆ ಕಟ್ಟುವುದು, ಶಕ್ತಿಮೀರಿ ಮದುವೆ ಮಾಡಿಕೊಳ್ಳುವುದು, ದಿಢೀರ್ ಲಾಭದ ಆಸೆಗೆ ಬೀಳುವುದು, ಇವು ವಿಳಂಬದ ನಷ್ಟಕ್ಕೆ ಅವಿವೇಕದ ನಷ್ಟವನ್ನು ಸೇರಿಸುತ್ತವೆ. ಸಣ್ಣ ಉಳಿತಾಯವನ್ನು ಈ ತಿಂಗಳೇ ಆರಂಭಿಸುವುದು ಮೇಲು. ಚಕ್ರಬಡ್ಡಿಯ ಲೆಕ್ಕ ಮುಂದಿನ 24 ವರ್ಷಗಳಿಗೂ ಅನ್ವಯಿಸುತ್ತದೆಯಷ್ಟೆ.

ಇದಿಷ್ಟು ಅವನ ಕರ್ತವ್ಯ. ನಮ್ಮ ಕರ್ತವ್ಯವೇನು? ದೇವಾಲಯಕ್ಕೆ ಬಂದವರನ್ನು ಸಂಬಳ, ಹುದ್ದೆ, ಬಡ್ತಿಗಳ ವಿಷಯ ಕೇಳಿ ತೂಗುವ ಅಭ್ಯಾಸವನ್ನು ನಾವು ಹಿರಿಯರೇ ಮೊದಲು ಬಿಡಬೇಕು. ನಮ್ಮ ಉದ್ದೇಶ ಕುಶಲಪ್ರಶ್ನೆಯೇ ಇರಬಹುದು. ಆದರೆ ಕೇಳಿಸಿಕೊಳ್ಳುವವನಿಗೆ ಅದು ವಿಚಾರಣೆಯಂತೆ ತೋರುತ್ತದೆ. ಮಕ್ಕಳನ್ನು ಬೆಳೆಸಿ ನಲವತ್ತರ ಅನಂತರ ಕೆಲಸಕ್ಕೆ ಸೇರಿದ ಸೊಸೆ, ಪರೀಕ್ಷೆಗಳಿಗಾಗಿಯೇ ಹತ್ತು ವರ್ಷ ಕಳೆದ ಮಗ, ಪಾಠಶಾಲೆಯಿಂದ ಬಂದ ಬ್ರಹ್ಮಚಾರಿ, ಇವರೆಲ್ಲರೂ ನಮ್ಮ ನಡುವೆ ಇದ್ದಾರೆ. ಇವರು ಹಿಂದಿನ ಕಂಬದ ಮರೆಯಲ್ಲಿ ನಿಂತು ಮಂಗಳಾರತಿ ನೋಡಿ ಹೊರಟುಹೋಗುತ್ತಿದ್ದರೆ, ಅದಕ್ಕೆ ಕಾರಣ ಅವರ ಭಕ್ತಿಯ ಕೊರತೆಯಲ್ಲ, ನಮ್ಮ ನಾಲಗೆಯೂ ಇರಬಹುದೆಂದು ಆಲೋಚಿಸಬೇಕು.

ಶ್ರೀನರಸಿಂಹಜಯಂತಿಯ ಸಂಜೆ ಆ ತರುಣ ಮತ್ತೆ ಬಂದಿದ್ದನು. ಪಾನಕ ಕೋಸಂಬರಿಗಳನ್ನು ಹಂಚುವ ಕೈಗಳು ಕಡಿಮೆಯಿದ್ದುದರಿಂದ ಯಾರೂ ಹೇಳದೆಯೇ ಪಾತ್ರೆಯನ್ನು ಹಿಡಿದು ನಿಂತನು. ನಮ್ಮ ಬಳಿ ಬಂದಾಗ ನಾವು, "ತಾಯಿಯವರು ಕ್ಷೇಮವೇ?" ಎಂದಷ್ಟೇ ಕೇಳಿದೆವು. "ಕ್ಷೇಮ, ಆಚಾರ್ಯರೇ. ಅವರೂ ಬಂದಿದ್ದಾರೆ" ಎಂದನು. ಸ್ವಲ್ಪ ಮುಂದೆ ಹೋದವನು ತಿರುಗಿ ಬಂದು, ತಾನಾಗಿಯೇ, "ಮುಂದಿನ ತಿಂಗಳು ಕೆಲಸ ಕಾಯಂ ಆಗಬಹುದು" ಎಂದು ಹೇಳಿ, ನಮ್ಮ ಲೋಟಕ್ಕೆ ಇನ್ನಷ್ಟು ಪಾನಕವನ್ನು ಹಾಕಿ ಹೋದನು.

ಶ್ರೀಕೃಷ್ಣಾರ್ಪಣಮಸ್ತು.